ಸಂದು, ಎಡೆ, ತೆರಪು, ವರಪು, ದಮ್: ಕೈಪಿಡಿಯಲ್ಲಿ ಎಲ್ಲದಕ್ಕೂ ‘ಅಂತರ’ ಸಾಕೇ?

ಪ್ರಶ್ನೆ: ಕರಡು ತಿದ್ದುವವರು, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಟ್ರ್ಯಾಕ್ಟರ್ ಕೂರಿಗೆ (ಬೀಜ ಬಿತ್ತುವ ಸಾಧನ) ಮತ್ತು ಪೆಟ್ರೋಲ್ ಇಂಜಿನ್ನಿನ ಸ್ಪ್ರೇಯರ್ ಬಾಡಿಗೆಗೆ ಒಯ್ಯುವ ರೈತರಿಗೆ ಕೊಡಲು ಒಂದು ಸಣ್ಣ ಕೈಪಿಡಿ ತಯಾರಾಗುತ್ತಿದೆ. ಓದುವವರು ಬಾಗಲಕೋಟೆ, ವಿಜಯಪುರ ಜಿಲ್ಲೆಯವರು. ಕರಡಿನಲ್ಲಿ ಜಾಗದ ಗ್ಯಾಪಿಗೆಲ್ಲ ‘ಅಂತರ’, ಹೊತ್ತಿನ ಗ್ಯಾಪಿಗೆಲ್ಲ ‘ವಿರಾಮ’ ಎಂದು ಬಿದ್ದಿದೆ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಹೊಲದಲ್ಲಿ ನಿಂತು ಯಾರೂ ಹೀಗೆ ಮಾತಾಡುವುದಿಲ್ಲ. ಕೆಳಗಿನ ಏಳು ಸಾಲುಗಳನ್ನು ನೋಡಿ, ಯಾವ ಪದ ಎಲ್ಲಿ ಕೂರುತ್ತದೆ ಎಂದು ತಿಳಿಸಿ.

1. ಸಾಲುಗಳ ನಡುವೆ 45 ಸೆಂ.ಮೀ. ಹಾಗೂ ಸಸಿಗಳ ನಡುವೆ 15 ಸೆಂ.ಮೀ. ಅಂತರ ಕಾಯ್ದುಕೊಳ್ಳಿ. (ಹಿಂಗಾರಿ ಬಿಳಿಜೋಳ)
2. ಮಳೆಯ ವಿರಾಮದ ಅವಧಿಯಲ್ಲಿ ಬಿತ್ತನೆ ಕೈಗೊಳ್ಳಿ.
3. ಮೊಳಕೆ ಬಾರದ ಕಡೆ ಅಂತರ ತುಂಬುವಿಕೆ ಮಾಡಿ.
4. ಸ್ಪಾರ್ಕ್ ಪ್ಲಗ್ ಅಂತರವನ್ನು 0.6ರಿಂದ 0.7 ಮಿ.ಮೀ.ಗೆ ಹೊಂದಿಸಿ.
5. ಮುಚ್ಚಳದಲ್ಲಿ ಅಂತರವಿದ್ದರೆ ಔಷಧ ಸೋರುತ್ತದೆ.
6. ಇಂಧನ ತುಂಬುವ ಮುನ್ನ ಇಂಜಿನ್ನಿಗೆ ಹತ್ತು ನಿಮಿಷ ವಿರಾಮ ನೀಡಿ.
7. 15 ದಿನಗಳ ಅಂತರದಲ್ಲಿ ಎರಡು ಬಾರಿ ಸಿಂಪಡಿಸಿ. ಕೊನೆಯ ಸಿಂಪರಣೆ ಹಾಗೂ ಕೊಯ್ಲಿನ ನಡುವೆ ಲೇಬಲ್‌ನಲ್ಲಿ ಸೂಚಿಸಿದಷ್ಟು ಅಂತರವಿರಲಿ.

ಇದನ್ನೇ ಓದಿ ಧ್ವನಿಮುದ್ರಿಸಿ ಫೋನಿಗೆ ಕಳಿಸುವ ಯೋಚನೆಯೂ ಇದೆ. ಹಾಗಾಗಿ ಕಿವಿಗೂ ಹಿಡಿಸಬೇಕು.

ಉತ್ತರ 1: ಎರಿಹೊಲ, ಬಸವನ ಬಾಗೇವಾಡಿ ಕಡೆ

ನಮಸ್ಕಾರ್ರಿ. ಹೊಲದ ಮಾತು 1, 2, 3ರಾಗ ಐತಿ, ಅವನ್ನಷ್ಟ ಹೇಳ್ತೇನಿ.

1ನೇದ್ದು. ‘ಅಂತರ’ ತಗದ ಬಿಡ್ರಿ, ಅದರ ಬದಲಿ ಇನ್ನೊಂದು ಹೆಸರೂ ಹುಡುಕಬ್ಯಾಡ್ರಿ. ‘ಸಾಲಿನಿಂದ ಸಾಲಿಗೆ 45 ಸೆಂ.ಮೀ., ಗಿಡದಿಂದ ಗಿಡಕ್ಕ 15’ ಅಂದ್ರ ಮುಗೀತು. ಇಲ್ಲಿಂದ ಅಲ್ಲಿಗೆ ಅಂತ ಅಂದ ಮ್ಯಾಲ ನಡುವಿನ ಜಾಗಕ್ಕ ಬ್ಯಾರೆ ಹೆಸರು ಯಾಕ ಬೇಕು? ಬಾಜೂಕ ‘ಒಂದು ಮೊಳ’ ಅಂತನೂ ಬರೀರಿ. ಮೊಳ ಅಂದ್ರ 18 ಇಂಚು, ಹೆಚ್ಚೂಕಡಿಮಿ 45 ಸೆಂ.ಮೀ. ಆಗ್ತೈತಿ. ಗೇಣು 9 ಇಂಚು, ಅದರಾಗ ಮೂರರಲ್ಲಿ ಎರಡು ಪಾಲು ಹಿಡದ್ರ ಗಿಡದ ಲೆಕ್ಕ 15 ಸೆಂ.ಮೀ. ಬರ್ತೈತಿ. ಟೇಪ್ ಇಲ್ಲದಾವ ಕೈಯಿಂದನ ಅಳೀತಾನ.

ಆದ್ರ ಕೈಪಿಡಿಯೊಳಗ ಇದಕ್ಕಿಂತ ದೊಡ್ಡ ತಪ್ಪು ಆಗೂದು ಬ್ಯಾರೆ ಕಡೆ. ತಾಳು ಅಂದ್ರ ಕೂರಿಗಿಯೊಳಗ ನೆಲಾ ಸೀಳಿ ಬೀಜ ಇಳಸೂ ಕಾಲು. ತಾಳಿನ ಲೆಕ್ಕಕ್ಕೂ ಸಂದಿನ ಲೆಕ್ಕಕ್ಕೂ ಒಂದು ಫರಕ ಇರ್ತೈತಿ. 9 ತಾಳಿನ ಟ್ರ್ಯಾಕ್ಟರ್ ಕೂರಿಗಿ, ತಾಳಿನಿಂದ ತಾಳಿಗೆ 22.5 ಸೆಂ.ಮೀ. ಇದ್ರ, 2, 4, 6, 8ನೇ ತಾಳಿನ ಬೀಜದ ದಾರಿ ಮುಚ್ಚಬೇಕು. ಉಳಿಯೂವು 5 ತಾಳು, ಅವುಗಳ ನಡುವ 45 ಸೆಂ.ಮೀ.ದ ಸಂದು ನಾಲ್ಕ ಮಾತ್ರ. ಐದನೇ ಸಂದು ಕೂರಿಗಿಯೊಳಗ ಇಲ್ಲ, ಅದು ಟ್ರ್ಯಾಕ್ಟರ್ ಹೊಳ್ಳಿ ಬಂದಾಗ ಹ್ವಾದ ಸುತ್ತಿನ ಕಡೀ ಸಾಲಿಗೂ ಈ ಸುತ್ತಿನ ಮೊದಲ ಸಾಲಿಗೂ ನಡುವ ಬರ್ತೈತಿ. ಡ್ರೈವರ್ ಅದನ್ನ ಕಣ್ಣಂದಾಜಿಗೆ ಬಿಟ್ರ ಒಂದು ಕಡೆ 30 ಸೆಂ.ಮೀ., ಇನ್ನೊಂದು ಕಡೆ 70 ಬೀಳ್ತೈತಿ. ಆಮ್ಯಾಲ ಎಡಿಕುಂಟಿ (ಸಾಲಿನ ನಡುವ ಕಸಾ ತಗಿಯೂ ಕುಂಟಿ) ಹೊಕ್ಕರ 30ರ ಸಾಲು ಕಿತ್ತ ಹೋಗ್ತೈತಿ, 70ರ ಸಾಲಿನ್ಯಾಗ ಕಸಾ ಹಂಗ ಉಳೀತೈತಿ. ಕೈಪಿಡಿಯೊಳಗ ಸ್ಪಷ್ಟ ಬರೀರಿ: ಕೂರಿಗಿಯ ನಟ್ಟನಡುವಿನಿಂದ ಮುಂದಿನ ಸುತ್ತಿನ ನಟ್ಟನಡುವಿಗೆ 225 ಸೆಂ.ಮೀ. ಇರಬೇಕು, ಅಂದ್ರ ಐದು ಮೊಳ. ಮಾರ್ಕರ್ (ಮುಂದಿನ ಸುತ್ತಿಗೆ ಗೀಟು ಎಳಿಯೂ ತೋಳು) ಇದ್ರ ಅದನ್ನ ಇಳಸ್ರಿ, ಇಲ್ಲಂದ್ರ ಮೊದಲ ಸುತ್ತಿಗೆ ಹಗ್ಗ ಹಿಡೀರಿ.

ಎಡಿ ಅಂದೆ ನೋಡ್ರಿ, ಈ ಪದ ನಿಮ್ಮ ಕರಡಿನ್ಯಾಗ ಎಲ್ಲೂ ಇಲ್ಲ. ಸಾಲಿನ ನಡುವಿನ ಜಾಗಕ್ಕ ಕನ್ನಡದ ಸ್ವಂತ ಪದ ಅಂದ್ರ ಅದ. ಎಡೆಯೊಳಗ ಹೊಡಿಯೂ ಕುಂಟಿ ಎಡಿಕುಂಟಿ, ಕೆಲಸಕ್ಕ ‘ಎಡಿ ಹೊಡಿಯೂದು’ ಅಂತಾರ. ‘ಅಂತರ ಬೇಸಾಯ’ ಅಂತ ಬರದ್ರ ಅರ್ಧ ಮಂದಿ ಅದನ್ನ ಮಿಶ್ರ ಬೆಳಿ ಅಂತ ತಿಳಕೋತಾರ. ಬಿಳಿಜೋಳಕ್ಕ ಬಿತ್ತಿದ 3, 5, 8ನೇ ವಾರಕ್ಕ ಎಡಿ ಹೊಡೀಬೇಕು. ಕಸಾ ತಗಿಯೂದು ಅದರ ಅರ್ಧ ಕೆಲಸ ಅಷ್ಟ. ಎರಿ (ಕಪ್ಪು ಮಣ್ಣಿನ) ಹೊಲ ಆರಿದಂಗ ಬಿರೀತೈತಿ, ಬಿರುಕಿನ್ಯಾಗಿಂದ ಕೆಳಗಿನ ಹಸಿ ಗಾಳಿಗೆ ಹೋಗ್ತೈತಿ. ಎಡಿ ಹೊಡದ್ರ ಮ್ಯಾಲಿನ ಮಣ್ಣು ಪುಡಿಯಾಗಿ ಬಿರುಕಿನ ಬಾಯಿ ಮುಚ್ಚತೈತಿ. ಬಿರುಕು ಅಗಲಾದ ಮ್ಯಾಲ ಹೊಡದ್ರ ಹೆಂಟಿ ಏಳ್ತಾವ, ಬೇರು ಹರೀತಾವ. ಅದಕ್ಕ ‘ಬಿರುಕು ಕಾಣಿಸಿಕೊಂಡ ಕೂಡಲೆ’ ಅಂತ ಸೇರಸ್ರಿ.

2ನೇದ್ದು. ಮಳಿಗೆ ವಿರಾಮ ಅನ್ನೂದು ಸುದ್ದಿ ಓದಾವರ ಮಾತು. ಹೊಲದಾಗ ಎರಡು ಮಾತು ಅದಾವ, ಎರಡರ ಅರ್ಥನೂ ಬ್ಯಾರೆ. ‘ಹೊಳವಾತು’ ಅಂದ್ರ ಮುಗಿಲು ತಿಳಿಯಾತು, ಸದ್ಯಕ್ಕ ಮಳಿ ನಿಂತೈತಿ, ಬಣವಿ ಮ್ಯಾಲಿನ ತಾಡಪತ್ರಿ ತಗೀಬಹುದು. ‘ವರಪಾತು’ ಅಂದ್ರ ನೆಲಾ ಆರೇತಿ, ಎತ್ತು ಹೊಲಕ್ಕ ಇಳೀಬಹುದು. ಹೊಳವು ಮುಗಿಲಿಂದು, ವರಪು ನೆಲದ್ದು. ಬಿತ್ತಲಿಕ್ಕೆ ಬೇಕಾದ್ದು ವರಪು. ಉತ್ತರಿ ಮತ್ತ ಹಸ್ತ ಮಳಿ ನಡುವ ಸಿಗೂ ಈ ವರಪಿನ್ಯಾಗನ ಬಿಳಿಜೋಳ ಬಿತ್ತೂದು. ಹೊಳವಾದ ಕೂಡಲೆ ಕೂರಿಗಿ ಇಳಿಸಿದ್ರ ತಾಳಿನ ತುದಿಗೆ ಕೆಸರು ಮೆತ್ತಿ ಬೀಜದ ಕೊಳವಿ ಕಟ್ಕೋತೈತಿ, ಆ ಸಾಲು ಉದ್ದಕ್ಕೂ ಬರೀ ಗೀಟು. ಗುರ್ತು ಇಷ್ಟ: ನಾಲ್ಕು ಬೆರಳು ಆಳದ ಮಣ್ಣು ತಗದು ಮುಷ್ಟಿಯೊಳಗ ಹಿಚುಕ್ರಿ. ಉಂಡಿ ಆಗಿ, ಕೈಗೆ ಹತ್ತದ, ಕೆಳಗ ಬಿಟ್ರ ಒಡದ್ರ ಹದಾ ಬಂದೈತಿ. ಅಂಗೈಗೆ ಮೆತ್ತಿದ್ರ ಇನ್ನೊಂದು ದಿನ ತಡೀರಿ. ಪ್ರತಿ ಸಲ ಹೊಳ್ಳುಮುಂದ ಎಲ್ಲಾ ಕೊಳವಿಯೊಳಗಿಂದ ಕಾಳು ಬೀಳಾಕತ್ತಾವ ಇಲ್ಲೋ ನೋಡಬೇಕು ಅನ್ನೂದನ್ನೂ ಇಲ್ಲೇ ಸೇರಸ್ರಿ.

3ನೇದ್ದು. ‘ಅಂತರ ತುಂಬುವಿಕೆ’ ಅಂದ್ರ ಸಾಲಿನ ನಡುವಿನ ಎಡಿ ತುಂಬೂದು ಅಂದಂಗ ಆತು, ಉಲ್ಟಾನ ಅರ್ಥ. ‘ಹುಸಿ ಹ್ವಾದ ಕಡೆ ಕಾಳು ಊರ್ರಿ’ ಅನ್ರಿ. ‘ನಾಟಿ’ ಅಂತ ಮಾತ್ರ ಬರೀಬ್ಯಾಡ್ರಿ. ಆ ಕಡೆ ನಾಟಿ ಅಂದ್ರ ಸಸಿ ಹಚ್ಚೂದು, ಈ ಕಡೆ ‘ಬೀಜ ನಾಟ್ಯಾವ’ ಅಂದ್ರ ಹುಟ್ಯಾವ ಅಂತ. ಕಾಳು ಊರೂದು ಹುಟ್ಟಿದ ಎಂಟು ಹತ್ತು ದಿನದೊಳಗ ಆಗಬೇಕು. ತಡಾ ಮಾಡಿ ಊರಿದ ಗಿಡ ದೊಡ್ಡ ಗಿಡದ ನೆರಳಿಗೆ ಸಿಕ್ಕು ತೆನಿ ಹಿಡಿಯೂದಿಲ್ಲ.

ಉತ್ತರ 2: ಗ್ಯಾರೇಜು, ಬೆಳಗಾವಿ

4ನೇದು: ‘ಪ್ಲಗ್ ಗ್ಯಾಪ್’ ಅಂತಲೇ ಇಡಿ. ಗ್ಯಾರೇಜಿನಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಅನ್ನುವುದು ಅದನ್ನೇ. ‘ಅಂತರ’ ಎಂದರೆ ಪ್ಲಗ್ಗಿನಿಂದ ಟ್ಯಾಂಕಿಗೆ ಎಷ್ಟು ದೂರ ಅಂತ ಕೇಳಿಯಾರು. ಗ್ಯಾಪ್ ಎಲ್ಲಿ ಅಂತ ಮಾತ್ರ ತೋರಿಸಿ: ನಡುವಿನ ಕಡ್ಡಿಯ ತುದಿಗೂ ಮೇಲೆ ಬಾಗಿದ ಕೊಕ್ಕೆಗೂ ನಡುವೆ. ಫೀಲರ್ ಗೇಜ್‌ನ (ತೆಳು ಎಸಳುಗಳಿಂದ ಸಂದು ಅಳೆಯುವ ಸಾಧನ) 0.6 ಎಸಳು ಸಲೀಸಾಗಿ ಹೋಗಬೇಕು, 0.7 ಎಸಳು ಸ್ವಲ್ಪ ಹಿಡಿದು ಹೋಗಬೇಕು, 0.8 ಹೋಗಲೇಬಾರದು. ಜಾಸ್ತಿಯಿದ್ದರೆ ಕೊಕ್ಕೆಯನ್ನು ಹಿಡಿಕೆಯಿಂದ ಮೆಲ್ಲಗೆ ತಟ್ಟಿ, ಕಡಿಮೆಯಿದ್ದರೆ ಕೊಕ್ಕೆಯನ್ನಷ್ಟೇ ಎತ್ತಿ. ನಡುವಿನ ಕಡ್ಡಿಗೆ ಸ್ಕ್ರೂಡ್ರೈವರ್ ಆನಿಸಿ ಮೀಟಿದರೆ ಪಿಂಗಾಣಿ ಸೀಳುತ್ತದೆ, ಆ ಪ್ಲಗ್ ಮುಗಿಯಿತು. ಗ್ಯಾಪ್ ಕಡಿಮೆಯಾದರೆ ಕಿಡಿ ಸಣ್ಣದಾಗಿ ಇಂಜಿನ್ ಚಾಲೂ ಆಗಲು ಸತಾಯಿಸುತ್ತದೆ. ಜಾಸ್ತಿಯಾದರೆ ಚಾಲೂ ಏನೋ ಆಗುತ್ತದೆ, ಲೋಡ್ ಬಿದ್ದಾಗ ಮಿಸ್ ಹೊಡೆಯುತ್ತದೆ.

5ನೇದು: ಮುಚ್ಚಳಕ್ಕೆ ಗ್ಯಾಪ್ ಅನ್ನಬೇಡಿ. ‘ಮುಚ್ಚಳ ಸರಿಯಾಗಿ ಕೂತಿರದಿದ್ದರೆ ಸಂದಿಯಿಂದ ಸೋರುತ್ತದೆ’ ಅನ್ನಿ. ವಾಷರ್ ಮಡಚಿಕೊಂಡಿದೆಯೇ ಅಂತ ಮೊದಲು ನೋಡಬೇಕು. ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಇನ್ನೊಂದು. ಇರಬೇಕಾದ ಸಂದಿಗೆ ವರ್ಕ್‌ಶಾಪಿನಲ್ಲಿ ‘ಕ್ಲಿಯರೆನ್ಸ್’, ಸವೆದು ಬಂದ ಸಂದಿಗೆ ‘ಪ್ಲೇ’ ಅಂತಾರೆ. ‘ಟ್ಯಾಪೆಟ್ ಕ್ಲಿಯರೆನ್ಸ್ ಇಟ್ಟಿದ್ದೇನೆ’, ‘ಬೇರಿಂಗ್ ಪ್ಲೇ ಬಂದಿದೆ’. ಒಂದನ್ನು ಇಡುವುದು, ಇನ್ನೊಂದು ತಾನಾಗಿ ಬರುವುದು. ಕೈಪಿಡಿಯಲ್ಲಿ ಇವೆರಡನ್ನು ಬೆರೆಸಿದರೆ ಇರಬೇಕಾದ ಸಂದನ್ನೂ ಬಿಗಿ ಮಾಡಿ ಕೂರುವವರಿದ್ದಾರೆ.

ಉತ್ತರ 3: ಪದಕೋಶ, ವಿಜಯಪುರ

ಗ್ಯಾರೇಜಿನವರು ಕೊನೆಗೆ ಹೇಳಿದ ಮಾತೇ ಈ ಚರ್ಚೆಯ ಕೀಲಿ. ನಾಮಪದ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು, ಆ ಗ್ಯಾಪನ್ನು ಯಾರು ಮಾಡಿದರು ಅಂತ ಕೇಳಿಕೊಳ್ಳಿ. ಕನ್ನಡದಲ್ಲಿ ಅದನ್ನು ಹೇಳುವುದು ಕ್ರಿಯಾಪದ.

ಬೇಕೆಂದೇ ಮಾಡಿದ್ದಕ್ಕೆ ಬಿಡು, ಇಡು: ‘ಎರಡು ಅಡಿ ಜಾಗ ಬಿಟ್ಟು ಗೋಡೆ ಕಟ್ಟು’. ತಾನಾಗಿ ಆದ, ಬೇಡದ ಗ್ಯಾಪಿಗೆ ಬೀಳು, ಬರು: ‘ಬಿರುಕು ಬಿದ್ದಿದೆ’, ‘ಪಾಠಕ್ಕೆ ಎರಡು ದಿನ ಖಂಡ ಬಿತ್ತು’. ಬಯಸಿದ್ದು ಒದಗಿ ಬಂದಾಗ ಸಿಗು: ‘ಬಿಡುವು ಸಿಕ್ಕಿತು’, ‘ಹೊರಡಲು ಸಂದಿ ಸಿಗಲಿಲ್ಲ’. ಇನ್ನೊಬ್ಬರ ಕೈಯಲ್ಲಿದ್ದರೆ ಕೊಡು: ‘ಮಳೆ ತೆರಪು ಕೊಟ್ಟಿತು’, ‘ಮಾತಾಡಲು ತೆರಪೇ ಕೊಡಲಿಲ್ಲ’. ಕರಡಿನಲ್ಲಿ ಎಲ್ಲೆಡೆ ‘ಅಂತರವಿರಲಿ’, ‘ವಿರಾಮ ನೀಡಿ’ ಬಂದಿರುವುದರಿಂದ ಮಾಡುವವರು ಯಾರು, ಆದದ್ದು ಹೇಗೆ ಅನ್ನುವುದೇ ಅಳಿಸಿಹೋಗಿದೆ. ಓದುವಾಗ ಜೀವ ಇಲ್ಲ ಅನಿಸುವುದು ಇದಕ್ಕೇ.

ಇನ್ನು ನಾಮಪದಗಳು. ಸಂದು, ಸಂದಿ ಎರಡೂ ಸಂಸ್ಕೃತದ ‘ಸಂಧಿ’ಯಿಂದ ಬಂದ ತದ್ಭವಗಳು. ಸಂಧಿ ಎಂದರೆ ಕೂಡುವುದು. ಕೂಡುವುದಕ್ಕೂ ಬಿಡುವುದಕ್ಕೂ ಒಂದೇ ಪದ ಹೇಗಾಯಿತು ಅಂದರೆ, ಎರಡು ವಸ್ತು ಕೂಡುವ ಜಾಗವೇ ಬಿಟ್ಟುಕೊಳ್ಳುವ ಜಾಗವೂ ಹೌದು. ಮೈಯಲ್ಲಿ ಕೀಲು-ಸಂದು, ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದು, ಎರಡು ಮನೆ ನಡುವಿನ ಸಂದಿ. ಹಾಗಾಗಿ ಸಂದಿಗೆ ಎರಡು ಬದಿ ಬೇಕೇ ಬೇಕು. ಖಾಲಿ ಬಯಲಿಗೆ ಸಂದು ಅನ್ನಲಾಗದು.

ತೆರಪು ‘ತೆರೆ’ಯ ಮನೆತನದ್ದು, ತೆರೆದುಕೊಂಡ ಜಾಗ ಅಥವಾ ಹೊತ್ತು. ‘ತೆರವು’ ಈಗ ಕಚೇರಿಯ ಪದ: ತೆರವಾದ ಹುದ್ದೆ, ಒತ್ತುವರಿ ತೆರವು. ಕಿಂಡಿ ಅಂದರೆ ಆಚೆ ಕಾಣಬೇಕು ಇಲ್ಲವೇ ಗಾಳಿ ಬೆಳಕು ಹಾಯಬೇಕು. ಎಡೆಯನ್ನು ಎರಿಹೊಲದವರು ಚೆನ್ನಾಗಿ ಹೇಳಿದ್ದಾರೆ. ‘ಎಡೆಬಿಡದೆ’ ಎಂಬ ಬರವಣಿಗೆಯ ಮಾತಿನಲ್ಲಿ ಅದೇ ಎಡೆ ಹೊತ್ತಿನ ಗ್ಯಾಪಾಗಿದೆ. ಜಾತ್ರೆಯಲ್ಲಿ ದೇವರಿಗೆ ಹಿಡಿಯುವ ಎಡೆಯೂ ಇದೇ ಅಕ್ಷರದ್ದಾದ್ದರಿಂದ ಬರೀ ‘ಎಡೆ’ ಅಂತ ಒಂಟಿಯಾಗಿ ಬರೆಯದೆ ‘ಸಾಲಿನ ಎಡೆ’ ಅನ್ನಿ.

‘ಅಂತರ’ಕ್ಕೂ ಜಾಗ ಇದೆ. ಎರಡರ ನಡುವಿನ ವ್ಯತ್ಯಾಸ, ದೂರ ಲೆಕ್ಕದಲ್ಲಿ ಬರುವ ಕಡೆ ಅದು ಸರಿ: ಮತಗಳ ಅಂತರ, ವಯಸ್ಸಿನ ಅಂತರ.

ಉತ್ತರ 4: ಹಾಸುಹೊಕ್ಕು, ರಬಕವಿ

ಪದಕೋಶದವರ ಸೂತ್ರ ಚಲೋ ಐತಿ, ಆದ್ರ ‘ಬಿಡು’ ಅನ್ನೂದನ್ನ ಹಂಗ ಒಂದ ಕಡೆ ಕಟ್ಟಿ ಹಾಕಲಿಕ್ಕೆ ಬರೂದಿಲ್ರಿ. ‘ಬಾಗಲಾ ಸಂದು ಬಿಟ್ಟೈತಿ’ ಅಂದ್ರ ಯಾರೂ ಬೇಕಂತ ಬಿಟ್ಟಿಲ್ಲ, ಕಟಗಿ ಒಣಗಿ ತಾನ ಬಿಟ್ಟೈತಿ. ‘ಸಂದು ಬಿಟ್ಟಾರ’ ಅಂದ್ರ ಬಡಿಗ್ಯಾರು ಬೇಕಂತ ಬಿಟ್ಟಾರ, ಮಳಿಗಾಲದಾಗ ಕಟಗಿ ಉಬ್ಬತೈತಿ ಅಂತ. ಕ್ರಿಯಾಪದ ಒಂದ, ಮಾಡಾವರು ಮನುಷ್ಯಾರೋ ವಸ್ತುನೋ ಅನ್ನೂದು ಅದರ ಕೊನಿಯೊಳಗ ಇರ್ತೈತಿ. ಕೈಪಿಡಿಯೊಳಗ ‘ಬಿಟ್ಟಿದೆ’, ‘ಬಿಡಿ’ ಎರಡೂ ಬಂದಾಗ ನೋಡಿ ಬರೀರಿ.

ನೇಕಾರಿಕಿಯೊಳಗಿನ ಒಂದು ಸಂಗತಿ ಇಲ್ಲಿಗೆ ಹೊಂದತೈತಿ, ಯಾಕಂದ್ರ ಮಗ್ಗದ ಮ್ಯಾಲ ಹೊತ್ತಿನ ಗ್ಯಾಪು ಅರಬಿಯೊಳಗ ಜಾಗದ ಗ್ಯಾಪಾಗಿ ಮೂಡತೈತಿ. ನೇಯಾವ ಊಟಕ್ಕ ಎದ್ದು ಹೋಗ್ತಾನ. ಹಾಸು (ಉದ್ದದ ಎಳಿ) ಬಿಗಿಯಾಗೇ ಉಳದಿರ್ತೈತಿ, ಆ ಬಿಗಿಗೆ ನೇದ ಅರಬಿ ಒಂದೆಳಿಯಷ್ಟು ಸರೀತೈತಿ. ಬಂದು ಕೂತು ಮೊದಲಿನಂಗ ಲಾಳಿ ಒಗದ್ರ ಮೊದಲ ಹೊಕ್ಕು (ಅಡ್ಡದ ಎಳಿ) ಹಳೇ ಅಂಚಿಗೆ ಕೂಡೂದಿಲ್ಲ, ಅಡ್ಡಕ್ಕ ಒಂದು ತೆಳ್ಳನ ಗೀಟು ಬೀಳ್ತೈತಿ. ಹೆದರಿ ಜೋರಾಗಿ ಹಣಿಗಿ (ಹೊಕ್ಕನ್ನ ಒತ್ತಿ ಕೂಡಸೂ ಬಾಚಣಿಗಿ) ಬಡದ್ರ ಅಲ್ಲೇ ದಪ್ಪ ಗೀಟು. ಬೆಳಕಿಗೆ ಹಿಡದ್ರ ಎದ್ದು ಕಾಣ್ತೈತಿ, ತೊಳದ್ರೂ ಹೋಗೂದಿಲ್ಲ. ಅದಕ್ಕ ಏಳುಮುಂದ ಹಾಸಿನ ಬಿಗಿ ಸಡಲ ಮಾಡಬೇಕು. ಬಂದ ಮ್ಯಾಲ ಮೊದಲಿನಷ್ಟ ಬಿಗಿ ಮಾಡಿ, ಹೊಕ್ಕು ಹಾಕದ ಬರೇ ಹಣಿಗಿ ಒಂದೆರಡು ಸಲ ಮೆಲ್ಲಕ ತಾಗಿಸಿ ಅಂಚು ಎಲ್ಲೈತಿ ನೋಡಬೇಕು. ಆಮ್ಯಾಲ ಮೂರ್ನಾಲ್ಕು ಹೊಕ್ಕು ಒಂದ ಹದದಾಗ ಹಾಕಿ, ಕೆಳಗಿನಿಂದ ಬೆಳಕು ಬಿಟ್ಟು ನೋಡಿ ಮುಂದ ಹೋಗಬೇಕು.

ನಿಮ್ಮ ಕೂರಿಗಿಗೂ ಇದ ಮಾತು. ನಡುಹೊಲದಾಗ ಟ್ರ್ಯಾಕ್ಟರ್ ನಿಂತು ಮತ್ತ ಹೊಂಟ್ರ ಮೊದಲ ಒಂದೆರಡು ಮೊಳ ಬೀಜ ಬಿದ್ದಿರೂದಿಲ್ಲ, ಯಾಕಂದ್ರ ಗಾಲಿ ತಿರಗಿದ್ರ ಮಾತ್ರ ಬೀಜ ಬಿಡೂ ಪಟ್ಟಿ ತಿರಗತೈತಿ, ಕಾಳು ಕೊಳವಿ ಇಳದು ನೆಲಾ ಮುಟ್ಟೂತನಕಾ ಟ್ರ್ಯಾಕ್ಟರ್ ಮುಂದ ಹೋಗಿರ್ತೈತಿ. ನಿಂತಲ್ಲಿ ಒಂದು ಕಡ್ಡಿ ನೆಟ್ಟು ಹೋಗ್ರಿ ಅಂತ ಬರೀರಿ, ಆಮ್ಯಾಲ ಅಲ್ಲಿ ಕೈಯಿಂದ ಕಾಳು ಊರಲಿಕ್ಕೆ ಗುರ್ತು ಸಿಗ್ತೈತಿ.

ಪ್ರಶ್ನೆ ಕೇಳಿದವರು

ಕಡ್ಡಿ ನೆಡುವ ಸಾಲು ಈಗಲೇ ಸೇರಿಸಿದೆ. ಎಲ್ಲರಿಗೂ ಧನ್ಯವಾದ. 6 ಮತ್ತು 7 ಇನ್ನೂ ಬಾಕಿ ಇವೆ. ಧ್ವನಿಮುದ್ರಣದಲ್ಲಿ ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಅನ್ನುವುದಕ್ಕೆ ಏನಾದರೂ ಲೆಕ್ಕ ಇದೆಯೇ?

ಉತ್ತರ 5: ಸಮ್ಮು-ಖಾಲಿ, ಬೆಳಗಾವಿ

ಇದೆ. ಹಾಡುವವರು, ತಬಲಾದವರು ದಿನವೂ ಮಾಡುವ ಲೆಕ್ಕವದು.

ತಬಲಾದಲ್ಲಿ ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಕೊನೆಯ ಪೆಟ್ಟನ್ನು ಸಮ್ಮಿಗೆ, ಅಂದರೆ ಆವರ್ತದ (ತಾಳದ ಒಂದು ಸುತ್ತಿನ) ಮೊದಲ ಮಾತ್ರೆಗೆ (ಎಣಿಕೆಗೆ) ತರುವುದು. ಮೂರು ತುಣುಕಿನ ನಡುವೆ ಬಿಡುವ ಜಾಗಕ್ಕೆ ‘ದಮ್’ ಎನ್ನುತ್ತಾರೆ. ಬಿಟ್ಟರೆ ದಮ್‌ದಾರ್, ಬಿಡದಿದ್ದರೆ ಬೇದಮ್. ತೀನ್‌ತಾಲ ಎಂಬ ತಾಳಕ್ಕೆ 16 ಮಾತ್ರೆ. ಸಮ್ಮಿನಿಂದ ಹೊರಟು ಮುಂದಿನ ಸಮ್ಮಿಗೆ ಮುಟ್ಟಬೇಕಾದರೆ ಎರಡೂ ತುದಿ ಎಣಿಸಿ 17. ಐದು ಮಾತ್ರೆಯ ತುಣುಕು ಮೂರು ಸಲಕ್ಕೆ 15, ನಡುವೆ ಒಂದೊಂದು ಮಾತ್ರೆಯ ದಮ್ ಎರಡು, ಒಟ್ಟು 17. ಸರಿ ಹೊಂದಿತು. ಇಡೀ ಮಾತ್ರೆಯ ಲೆಕ್ಕದಲ್ಲಿ ಒಂದೇ ಆವರ್ತಕ್ಕೆ ಬೇದಮ್ ಆಗಬೇಕಾದರೆ ಸಮ್ಮಿನಿಂದ ಹೊರಡಲಾಗದು, 17ನ್ನು ಮೂರರಿಂದ ಭಾಗಿಸಲು ಬರುವುದಿಲ್ಲ. 9ನೇ ಮಾತ್ರೆಯಿಂದ ಹೊರಟರೆ ಸಮ್ಮಿನವರೆಗೆ 9, ಮೂರು ಮೂರಲಿ ಒಂಬತ್ತು. ತುಣುಕು ಮೂರು, ದಮ್ ಎರಡೇ, ನೋಡಿ. ಎರಿಹೊಲದವರ ತಾಳಿನ ಲೆಕ್ಕವೇ ಇದು.

ಆ 9ನೇ ಮಾತ್ರೆಗೆ ‘ಖಾಲಿ’ ಎಂದೇ ಹೆಸರು. ಆದರೆ ಅಲ್ಲಿ ತಬಲಾ ನಿಲ್ಲುವುದಿಲ್ಲ. ತಾಳ ಹಾಕುವವರು ಚಪ್ಪಾಳೆಯ ಬದಲು ಕೈ ಬೀಸುತ್ತಾರೆ, ಅದರ ಮುಂದಿನ ಮಾತ್ರೆಯಿಂದ ಎಡಗೈಯ ಗುಂಯ್ ಎನ್ನುವ ನಾದ ಇಲ್ಲವಾಗುತ್ತದೆ, ಲೆಕ್ಕ ಮಾತ್ರ ನಡೆದೇ ಇರುತ್ತದೆ. ಧ್ವನಿಮುದ್ರಣದ ಮೌನವೂ ಹಾಗಿರಬೇಕು. ಮಾತು ನಿಂತರೂ ಎಣಿಕೆ ನಿಲ್ಲಬಾರದು. ಎಣಿಸದೆ ಬಿಟ್ಟ ಮೌನ ಒಮ್ಮೆ ಗಿಡ್ಡ, ಒಮ್ಮೆ ಉದ್ದವಾಗಿ, ಕೇಳುವವರಿಗೆ ನೆಟ್‌ವರ್ಕ್ ಹೋಯಿತೇನೋ ಅನಿಸುತ್ತದೆ. ಅಲ್ಪವಿರಾಮಕ್ಕೆ ಮನಸ್ಸಿನಲ್ಲಿ ‘ಒಂದು’, ಪೂರ್ಣವಿರಾಮಕ್ಕೆ ‘ಒಂದು, ಎರಡು’, ಒಂದು ಕೆಲಸ ಮುಗಿದು ಇನ್ನೊಂದಕ್ಕೆ ಹೋಗುವಾಗ ‘ನಾಲ್ಕು’ ಎಣಿಸಿ.

ಎಲ್ಲಿ ನಿಲ್ಲಿಸಬೇಕು? ಕವಿತೆಯಲ್ಲಿ ನಿಲ್ಲುವ ಜಾಗಕ್ಕೆ ಯತಿ ಎನ್ನುತ್ತಾರೆ. 9ನೆಯ ಶತಮಾನದ ಕವಿರಾಜಮಾರ್ಗ ಅದನ್ನು ‘ಉಸಿರ್ವ ತಾಣಂ’ ಎಂದಿದೆ. ದಮ್ ಎಂದರೂ ಉಸಿರೇ. ಕೂಲಿಗೆ ಹೋದವರು ‘ಜರಾ ದಮ್ ತಗೋರಿ’ ಅನ್ನುವುದೂ ಅದನ್ನೇ. ಆದರೆ ಕನ್ನಡದ ಕವಿಗಳು ಯತಿಗೆ ಕಟ್ಟುಬೀಳಲಿಲ್ಲ. ಯತಿಯನ್ನು ದಾಟಿ ಹೋಗುವುದನ್ನು ವ್ಯಾಕರಣಕಾರ ಕೇಶಿರಾಜ ಕನ್ನಡದ ವಿಶೇಷಗಳಲ್ಲೇ ಎಣಿಸಿದ್ದಾನೆ. ಕಾರಣ ಸರಳ. ಪ್ರತ್ಯಯಗಳು ಒಂದರ ಬೆನ್ನಿಗೆ ಒಂದು ಅಂಟುವ ಈ ಭಾಷೆಯಲ್ಲಿ ಅಳತೆಗೆ ಸರಿಯಾಗಿ ಪದ ಮುಗಿಯುವುದು ಕಷ್ಟ. ಗದ್ಯಕ್ಕೂ ಇದೇ ಬುದ್ಧಿ. ಉಸಿರು ಮುಗಿದಲ್ಲಿ ನಿಲ್ಲಿಸಬೇಡಿ, ಕ್ರಿಯೆ ಮುಗಿದಲ್ಲಿ ನಿಲ್ಲಿಸಿ. ‘ಮಾಡಿ, ಬಿಟ್ಟು, ಆದ ಮೇಲೆ, ಇದ್ದರೆ’ ಇವೇ ಕನ್ನಡದ ನಿಲ್ದಾಣಗಳು.

6ನೇ ಸಾಲು: ‘ಇಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು, ಪೆಟ್ರೋಲ್ ಹಾಕಿರಿ.’ ಮೂರು ಕೆಲಸ, ನಡುವೆ ಎರಡು ದಮ್. ಇದನ್ನೇ ‘ಹತ್ತು ನಿಮಿಷ ಬಿಟ್ಟು ಇಂಜಿನ್ ಬಂದ್ ಮಾಡಿ ಪೆಟ್ರೋಲ್ ಹಾಕಿರಿ’ ಅಂದರೆ ಹತ್ತು ನಿಮಿಷ ಓಡಿಸಿ, ಬಂದ್ ಮಾಡಿದ ಕೂಡಲೇ ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಪೆಟ್ರೋಲ್ ಸುರಿದಂತಾಗುತ್ತದೆ. ಪದಗಳು ಅವೇ. ‘ಬಿಟ್ಟು’ ಯಾವ ಕ್ರಿಯೆಯ ಹಿಂದೆ ಕೂತಿದೆ ಅನ್ನುವುದೇ ಇಲ್ಲಿ ಜೀವದ ಪ್ರಶ್ನೆ.

ಇನ್ನೊಂದು ಅಪಾಯ ‘ಬೇಡ’ದ್ದು. ಕನ್ನಡದಲ್ಲಿ ನಿಷೇಧ ಬರುವುದು ಕಟ್ಟಕಡೆಗೆ. ‘ಇಂಜಿನ್ ಬಿಸಿ ಇರುವಾಗ ಪೆಟ್ರೋಲ್ ಹಾಕ...’ ಅನ್ನುವಲ್ಲಿ ಉಸಿರು ಕಟ್ಟಿದರೆ, ಅಥವಾ ಮಾತು ಮುಗಿಯುವ ಮೊದಲೇ ಗುಂಡಿ ಬಿಟ್ಟು ಧ್ವನಿಮುದ್ರಣ ಕತ್ತರಿಸಿದರೆ, ಉಳಿಯುವುದು ‘ಹಾಕು’ ಎಂಬ ಅರ್ಥ. ‘ಹಾಕಬೇಡಿ’ಯನ್ನು ಒಂದೇ ಉಸಿರಿನಲ್ಲಿ ಹೇಳಿ. ಮುಗಿದ ಮೇಲೆ ಎರಡು ಎಣಿಸಿ ಗುಂಡಿ ಬಿಡಿ. ಅಂಕಿ ಮತ್ತು ಅಳತೆಯ ನಡುವೆಯೂ ನಿಲ್ಲಿಸಬೇಡಿ. ‘ನಲವತ್ತೈದು ಸೆಂಟಿಮೀಟರ್’ ಒಂದೇ ತುಂಡು.

ಮುದ್ರಣ ಮಾಡುವ ಕೋಣೆಯಲ್ಲಿ ಮಾರ್ದನಿ ಇರಬಾರದು. ಗೋಳಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ಚಪ್ಪಾಳೆಯ ಸದ್ದು ಎದುರು ಗೋಡೆಗೆ ಹೋಗಿ ಬರಲು 76 ಮೀಟರ್, ಸೆಕೆಂಡಿಗೆ 340 ಮೀಟರಿನಂತೆ 0.22 ಸೆಕೆಂಡು. ಅಷ್ಟು ತೆರಪು ಇರುವುದರಿಂದಲೇ ಮೂಲ ಸದ್ದು, ಮರುಸದ್ದು ಬೇರೆ ಬೇರೆ ಕೇಳುತ್ತವೆ. ಸಣ್ಣ ಖಾಲಿ ಕೋಣೆಯಲ್ಲಿ ಆ ತೆರಪು ಇರುವುದಿಲ್ಲ, ಮರುಸದ್ದು ಮಾತಿನ ಮೇಲೇ ಬಿದ್ದು ನೀವು ಎಣಿಸಿ ಬಿಟ್ಟ ಮೌನವೆಲ್ಲ ತುಂಬಿಹೋಗುತ್ತದೆ. ಹಾಸಿಗೆ, ಕೌದಿ ಇರುವ ಕೋಣೆಯಲ್ಲಿ, ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ಮುದ್ರಿಸಿ.

ಉತ್ತರ 6: ಎರಿಹೊಲ

7ನೇದ್ದು ಉಳೀತಲ್ರಿ. ‘15 ದಿನಗಳ ಅಂತರದಲ್ಲಿ ಎರಡು ಬಾರಿ’ ಅಂದ್ರ 15 ದಿನದೊಳಗ ಎರಡು ಸಲ ಅಂತ ತಿಳಕೊಳ್ಳಾವರದಾರ. ‘ಮೊದಲ ಸಲ ಹೊಡದ 15 ದಿನಕ್ಕ ಇನ್ನೊಂದು ಸಲ ಹೊಡೀರಿ’ ಅಂತ ಬಿಡಿಸಿ ಬರೀರಿ. ಸಿಂಪರಣೆ ಅಂತನೂ ಬ್ಯಾಡ, ‘ಎಣ್ಣಿ ಹೊಡಿಯೂದು’ ಅಂದ್ರ ಎಲ್ಲಾರಿಗೂ ತಿಳೀತೈತಿ.

ದಿನದ ಲೆಕ್ಕದಾಗ ಜ್ವಾಕಿ. ‘ದಿನಾ ಬಿಟ್ಟು ದಿನಾ’ ಮತ್ತ ‘ಎರಡು ದಿನಕ್ಕೊಮ್ಮೆ’ ಎರಡೂ ಒಂದ: ಸೋಮವಾರ ಹೊಡದ್ರ ಬುಧವಾರ. ‘ಎರಡು ದಿನಾ ಬಿಟ್ಟು’ ಅಂದ್ರ ಗುರುವಾರ. ‘ಎಂಟು ದಿನಕ್ಕೊಮ್ಮೆ’ ಅಂದ್ರ ಈ ಕಡೆ ವಾರಕ್ಕೊಮ್ಮೆ ಅಂತನ ಅರ್ಥ, ಸಂತಿಯಿಂದ ಸಂತಿಗೆ ಎರಡೂ ದಿನ ಹಿಡಿದು ಎಣಸ್ತಾರ, ತಬಲಾದವರು ಸಮ್ಮಿನಿಂದ ಸಮ್ಮಿಗೆ 17 ಎಣಿಸಿದಂಗ. ಲೇಬಲ್‌ದಾಗ 7 ದಿನ ಅಂತಿದ್ರ ‘ವಾರ’ ಅಂತ ಬರೀರಿ, ‘ಎಂಟು ದಿನ’ ಅಂತ ಬರದು ಗೊಂದಲ ಮಾಡಬ್ಯಾಡ್ರಿ.

ಕೊಯ್ಲಿನ ಮಾತಿಗೆ ತಡಿ ಅನ್ನೂದ ಸರಿ. ‘ಕಡೀ ಸಲ ಎಣ್ಣಿ ಹೊಡದ ಮ್ಯಾಲ ಲೇಬಲ್‌ದಾಗ ಹೇಳಿದಷ್ಟು ದಿನ ತಡದು ಕೊಯ್ರಿ.’ ಅದರ ಜೋಡಿ ಕೊಯ್ಯಬಹುದಾದ ತಾರೀಖು ಬರಿಯೂ ಜಾಗಾ ಖಾಲಿ ಬಿಡ್ರಿ, ಹೊಡದ ದಿನಾನ ಲೆಕ್ಕಾ ಹಾಕಿ ಬರದಿಟ್ಟರ ಮುಂದ ವ್ಯಾಪಾರಿ ಬಂದು ಅವಸರ ಮಾಡಿದಾಗ ಯಾರೂ ಅಂದಾಜು ಮಾಡಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ತಿದ್ದಿದ ಸಾಲುಗಳು ಹೀಗಿವೆ. ಬರಹಕ್ಕೆ ಸಾಮಾನ್ಯ ಕನ್ನಡ ಇಟ್ಟಿದ್ದೇನೆ, ಓದುವಾಗ ಈ ಕಡೆಯ ಮಾತಿನಲ್ಲೇ ಓದಲಾಗುತ್ತದೆ.

1. ಸಾಲಿನಿಂದ ಸಾಲಿಗೆ 45 ಸೆಂ.ಮೀ. (ಒಂದು ಮೊಳ), ಗಿಡದಿಂದ ಗಿಡಕ್ಕೆ 15 ಸೆಂ.ಮೀ. ಕೂರಿಗೆಯ ನಡುವಿನಿಂದ ಮುಂದಿನ ಸುತ್ತಿನ ನಡುವಿಗೆ 225 ಸೆಂ.ಮೀ.
2. ಹೊಳವಾದ ಕೂಡಲೇ ಬಿತ್ತಬೇಡಿ. ವರಪಾಗಿ, ಮಣ್ಣು ಹದಕ್ಕೆ ಬಂದ ಮೇಲೆ ಬಿತ್ತಿರಿ.
3. ಹುಸಿ ಹೋದ ಕಡೆ, ಉಳಿದ ಬೀಜ ಹುಟ್ಟಿದ ಎಂಟು ಹತ್ತು ದಿನದೊಳಗೆ ಕಾಳು ಊರಿರಿ.
4. ಪ್ಲಗ್ ಗ್ಯಾಪ್ 0.6ರಿಂದ 0.7 ಮಿ.ಮೀ. ಇಡಿ.
5. ಮುಚ್ಚಳ ಸಂದು ಬಿಟ್ಟರೆ ಎಣ್ಣೆ ಸೋರುತ್ತದೆ. ವಾಷರ್ ನೋಡಿ.
6. ಇಂಜಿನ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು, ಪೆಟ್ರೋಲ್ ಹಾಕಿರಿ.
7. ಮೊದಲ ಸಲ ಹೊಡೆದ 15 ದಿನಕ್ಕೆ ಇನ್ನೊಂದು ಸಲ ಹೊಡೆಯಿರಿ. ಕೊನೆಯ ಸಲ ಹೊಡೆದ ಮೇಲೆ ಲೇಬಲ್‌ನಲ್ಲಿ ಹೇಳಿದಷ್ಟು ದಿನ ತಡೆದು ಕೊಯ್ಯಿರಿ. ಕೊಯ್ಯುವ ತಾರೀಖು: ........

ಉತ್ತರ 7: ಗ್ಯಾರೇಜು, ಬೆಳಗಾವಿ

5ರಲ್ಲಿ ‘ಎಣ್ಣೆ’ ಅಂದರೆ ಇಂಜಿನ್ ಆಯಿಲ್ ಅಂತ ಆಗುತ್ತದೆ, ಅದೇ ಪುಟದಲ್ಲಿ ಪೆಟ್ರೋಲಿನ ಮಾತೂ ಇದೆ. ಯಾವ ಮುಚ್ಚಳ ಅಂತಲೂ ಗೊತ್ತಾಗುವುದಿಲ್ಲ, ಸ್ಪ್ರೇಯರಿಗೆ ಎರಡು ಮುಚ್ಚಳ ಇರುತ್ತವೆ. ‘ಔಷಧದ ಟ್ಯಾಂಕಿನ ಮುಚ್ಚಳ ಸಂದು ಬಿಟ್ಟಿದ್ದರೆ ಔಷಧ ಬೆನ್ನ ಮೇಲೆ ಸೋರುತ್ತದೆ’ ಅಂತ ಮಾಡಿ.